ಮಿನಿಯೇಚರ್ ಯುದ್ಧದಾಟದಲ್ಲಿ ಲೈನ್ ಆಫ್ ಸೈಟ್: ಇಬ್ಬರೂ ಒಪ್ಪುವಂತೆ ನೋಡುವ ಕ್ರಮ

ಮೇಜಿನ ಮೇಲೆ ಆಡುವ ಮಿನಿಯೇಚರ್ ಯುದ್ಧದಾಟಗಳಲ್ಲಿ ದಾಳ ಉರುಳುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಗುಂಡು ಹಾರಿಸುವ ಮಾಡೆಲ್‌ಗೆ, ಅಂದರೆ ಆಟದ ಪುಟ್ಟ ಬೊಂಬೆಗೆ, ಎದುರಿನ ಮಾಡೆಲ್ ಕಾಣುತ್ತದೆಯೇ, ಕಂಡರೆ ಎಷ್ಟು ಕಾಣುತ್ತದೆ? ಆಟಗಾರರು ಇದನ್ನು ಲೈನ್ ಆಫ್ ಸೈಟ್ ಎನ್ನುತ್ತಾರೆ. 1913ರಲ್ಲಿ ಎಚ್.ಜಿ. ವೆಲ್ಸ್ ಪ್ರಕಟಿಸಿದ ಬೊಂಬೆ ಸೈನಿಕರ ಆಟದಲ್ಲಿ ಈ ತಂಟೆ ಇರಲಿಲ್ಲ. ಅಲ್ಲಿ ಸ್ಪ್ರಿಂಗ್ ಹಾಕಿದ ಪುಟ್ಟ ತೋಪಿನಿಂದ ನಿಜವಾಗಿಯೂ ಮರದ ತುಂಡು ಹಾರಿಸುತ್ತಿದ್ದರು, ತಗುಲಿದ ಬೊಂಬೆ ಬಿದ್ದರೆ ಅದು ಸತ್ತಂತೆ. ತೋಪಿನ ಜಾಗಕ್ಕೆ ದಾಳ ಬಂದ ಮೇಲೆ, ಕಂಡಿತೋ ಇಲ್ಲವೋ ಎಂಬುದನ್ನು ಮನುಷ್ಯರೇ ಹೇಳಬೇಕಾಯಿತು.

ತುಮಕೂರಿನಂಥ ಊರಿನಲ್ಲಿ ಈ ಆಟ ಆಡುವವರು ಕಡಿಮೆ. ಆಡುವವರೂ ಮನೆಯ ಮಹಡಿ ಕೋಣೆಯಲ್ಲೋ ಹಾಸ್ಟೆಲ್ಲಿನಲ್ಲೋ ಒಂದು ಮೇಜು ಹುಡುಕಿಕೊಂಡು, ಅರ್ಧ ಕೊಂಡ, ಅರ್ಧ ತ್ರೀ-ಡಿ ಪ್ರಿಂಟ್ ಹಾಕಿಸಿದ ಮಾಡೆಲ್‌ಗಳೊಂದಿಗೆ, ಥರ್ಮೋಕೋಲಿನ ಬೆಟ್ಟಗಳನ್ನು ತಾವೇ ಕೊಯ್ದುಕೊಂಡು ಆಡುವವರು. ಪಂದ್ಯಾವಳಿಗಳಲ್ಲಿ ಇರುವಂತೆ ತೀರ್ಪುಗಾರರು ಇಲ್ಲಿ ಇರುವುದಿಲ್ಲ. ಎದುರಾಳಿಯೇ ತೀರ್ಪುಗಾರ, ಮತ್ತು ಮುಂದಿನ ಭಾನುವಾರವೂ ಆತನೊಂದಿಗೇ ಆಡಬೇಕು. ಆದ್ದರಿಂದ ನ್ಯಾಯವಾಗಿ ನೋಡುವ ಕ್ರಮವೊಂದನ್ನು ರೂಢಿಸಿಕೊಳ್ಳುವುದು ಇಲ್ಲಿ ಇನ್ನಷ್ಟು ಅಗತ್ಯ. ಲೈನ್ ಆಫ್ ಸೈಟ್ ಜಗಳಗಳಲ್ಲಿ ಹೆಚ್ಚಿನವು ಕಣ್ಣಿನ ತಪ್ಪಿನಿಂದ ಹುಟ್ಟುವುದಿಲ್ಲ, ಪ್ರಶ್ನೆಯನ್ನು ತಡವಾಗಿ ಕೇಳುವುದರಿಂದ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ. ದಾಳ ಕೈಗೆ ಬಂದ ಮೇಲೆ ಇಬ್ಬರಿಗೂ ತಮಗೆ ಬೇಕಾದದ್ದೇ ಕಾಣುತ್ತದೆ. ಹೀಗಾಗಿ ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಗುಂಡು ಹಾರಿಸುವ ಮುಂಚಿನವು.

ಮೊದಲ ಹಂತ: ನಿಮ್ಮ ಆಟದ ನಿಯಮ ಏನನ್ನು ನೋಡಲು ಹೇಳುತ್ತದೆ

ಎಲ್ಲ ಆಟಗಳೂ ಒಂದೇ ರೀತಿಯಲ್ಲಿ ನೋಡುವುದಿಲ್ಲ. ಒಂದು ಆಟದಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ಹಳೆಯ ಅಭ್ಯಾಸವನ್ನೇ ನಿಯಮವೆಂದು ವಾದಿಸುವುದುಂಟು. ಸ್ಥೂಲವಾಗಿ ನಾಲ್ಕು ಪದ್ಧತಿಗಳು ಬಳಕೆಯಲ್ಲಿವೆ.

ಮೊದಲನೆಯದು ಇದ್ದದ್ದನ್ನು ಇದ್ದಂತೆ ನೋಡುವ ಪದ್ಧತಿ. ವಾರ್‌ಹ್ಯಾಮರ್ 40,000 ಆಟದ 2023ರ ಹತ್ತನೇ ಆವೃತ್ತಿಯಲ್ಲಿ, ನೋಡುವ ಮಾಡೆಲ್‌ನ ಯಾವುದೇ ಭಾಗದಿಂದ ಗುರಿಯ ಯಾವುದೇ ಭಾಗ ಕಂಡರೂ ಅದು ಕಂಡಂತೆಯೇ; ಆ್ಯಂಟೆನಾದ ತುದಿಯೂ ಲೆಕ್ಕಕ್ಕೆ ಬರುತ್ತದೆ, ಬೇಸ್, ಅಂದರೆ ಬೊಂಬೆಯ ಕಾಲಡಿಯ ಬಿಲ್ಲೆ ಕೂಡ ಮಾಡೆಲ್‌ನ ಭಾಗವೇ. ಎರಡನೇ ಮಹಾಯುದ್ಧದ ಆಟವಾದ ಬೋಲ್ಟ್ ಆ್ಯಕ್ಷನ್ ಕೂಡ ಬಗ್ಗಿ ಮಾಡೆಲ್‌ನ ಕಣ್ಣಿನ ಮಟ್ಟದಿಂದ ನೋಡಲು ಹೇಳುತ್ತದೆ.

ಎರಡನೆಯದು ತಲೆಯಿಂದ ಗೆರೆ ಎಳೆಯುವ ಪದ್ಧತಿ. ಕಿಲ್ ಟೀಮ್ ಆಟದ 2021ರ ಆವೃತ್ತಿಯಿಂದ ಈಚೆಗೆ, ನೋಡುವವನ ತಲೆಯಿಂದ ಗುರಿಯ ದೇಹದ ಯಾವುದಾದರೂ ಭಾಗಕ್ಕೆ 1 ಮಿ.ಮೀ. ದಪ್ಪದ ನೇರ ಗೆರೆಯನ್ನು ಕಲ್ಪಿಸಿಕೊಳ್ಳಬೇಕು, ಬೇಸ್ ಇಲ್ಲಿ ಲೆಕ್ಕಕ್ಕಿಲ್ಲ. ಈ ಪದ್ಧತಿಯ ಒಂದು ಪರಿಣಾಮವನ್ನು ಹೊಸಬರು ಒಪ್ಪಲು ಹಿಂಜರಿಯುತ್ತಾರೆ. ಗೋಡೆಯ ಮರೆಯಲ್ಲಿ ನಿಂತವನ ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದರೆ, ಎದುರಿನವನ ತಲೆಯಿಂದ ಆ ಕಾಲಿಗೆ ಗೆರೆ ಸಿಗುತ್ತದೆ, ಮರೆಯಲ್ಲಿರುವವನ ತಲೆಯಿಂದ ಎದುರಿನವನಿಗೆ ಸಿಗುವುದಿಲ್ಲ. ಅಂದರೆ ಒಬ್ಬನಿಗೆ ಕಾಣುತ್ತದೆ, ಇನ್ನೊಬ್ಬನಿಗೆ ಕಾಣುವುದಿಲ್ಲ. ಇದು ಮೋಸವಲ್ಲ, ನಿಯಮ ಇರುವುದೇ ಹಾಗೆ.

ಮೂರನೆಯದು ಪ್ರತಿ ಮಾಡೆಲ್‌ಗೂ ಒಂದು ಗೊತ್ತಾದ ಗಾತ್ರವನ್ನು ಕೊಡುವ ಪದ್ಧತಿ. ಬೊಂಬೆ ಮಂಡಿಯೂರಿದ್ದರೂ ಕೈಯೆತ್ತಿ ನಿಂತಿದ್ದರೂ ಅದು ಇಂತಿಷ್ಟು ಎತ್ತರದ, ಬೇಸಿನಷ್ಟೇ ಅಗಲದ ಉರುಳೆ ಎಂದು ಭಾವಿಸಲಾಗುತ್ತದೆ. ವಾರ್‌ಮಷೀನ್ ಆಟದಲ್ಲಿ ಹಲವು ಕಾಲ ನಡೆದ ಲೆಕ್ಕದಂತೆ 30 ಮಿ.ಮೀ. ಬೇಸಿಗೆ 1.75 ಇಂಚು, 40 ಮಿ.ಮೀ. ಬೇಸಿಗೆ 2.25 ಇಂಚು, 50 ಮಿ.ಮೀ. ಬೇಸಿಗೆ 2.75 ಇಂಚು ಎತ್ತರ. ಸ್ಪೇನ್ ದೇಶದ ಇನ್ಫಿನಿಟಿ ಆಟ ಇದೇ ದಾರಿಯಲ್ಲಿ ಸಿಲೂಯೆಟ್ (ಗೊತ್ತಾದ ಗಾತ್ರದ ಹೊರರೂಪ) ಅಚ್ಚುಗಳನ್ನು ಬಳಸುತ್ತದೆ. ಅಲ್ಲಿ ಗುರಿಯ ಸಿಲೂಯೆಟ್‌ನಲ್ಲಿ 3 ಮಿ.ಮೀ. ಚೌಕದಷ್ಟಾದರೂ ಕಾಣಬೇಕು, ನಿನಗೆ ನಾನು ಕಂಡರೆ ನೀನು ನನ್ನ ಮುಂಭಾಗದ 180 ಡಿಗ್ರಿಯೊಳಗೆ ಇರುವವರೆಗೆ ನನಗೂ ನೀನು ಕಾಣುತ್ತೀಯೆ.

ನಾಲ್ಕನೆಯದರಲ್ಲಿ ಮೇಜನ್ನು ನಕ್ಷೆಯಂತೆ ಮೇಲಿನಿಂದ ನೋಡಿ ಬೇಸಿನಿಂದ ಬೇಸಿಗೆ ಗೆರೆ ಎಳೆಯುತ್ತಾರೆ, ಎತ್ತರವನ್ನು ಬರಿಯ ಸಂಖ್ಯೆಗಳಲ್ಲಿ ಹೋಲಿಸುತ್ತಾರೆ. ಮ್ಯಾಲಿಫೋ ಈ ಬಗೆಯದು.

ನಿಮ್ಮ ಆಟ ಯಾವ ಪದ್ಧತಿಯದು ಎಂಬುದನ್ನು ನೆನಪಿನಿಂದ ಹೇಳಬೇಡಿ. ನಿಯಮದ ಆ ಒಂದು ಪರಿಚ್ಛೇದವನ್ನು ಆಟಕ್ಕೆ ಮುಂಚೆ ಇಬ್ಬರೂ ಗಟ್ಟಿಯಾಗಿ ಓದಿಕೊಳ್ಳಿ.

ಎರಡನೆಯ ಹಂತ: ಟೆರೇನ್ ಸುತ್ತ ಒಂದು ಸುತ್ತು ಬನ್ನಿ

ಮೇಜು ಸಜ್ಜಾದ ಮೇಲೆ, ಸೈನ್ಯಗಳನ್ನು ಇಡುವ ಮೊದಲು, ಇಬ್ಬರೂ ಒಟ್ಟಿಗೆ ಮೇಜಿನ ಸುತ್ತ ಒಂದು ಬಾರಿ ನಡೆದು ಬೆಟ್ಟ, ಗೋಡೆ, ಕಟ್ಟಡ, ತೋಟದಂಥ ಪ್ರತಿಯೊಂದು ಟೆರೇನಿನ ಮೇಲೂ ಬೆರಳಿಟ್ಟು ಅದು ಏನು, ಅದರ ಗಡಿ ಎಲ್ಲಿಯವರೆಗೆ, ಅದರ ಮೂಲಕ ಕಾಣುತ್ತದೆಯೇ ಎಂದು ಹೇಳಿಕೊಳ್ಳಬೇಕು. ಈ ಹಂತಕ್ಕೆ ನಾನು ಕೊಡುವಷ್ಟು ಮಹತ್ವವನ್ನು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಯಾವ ಗೋಡೆ ಯಾರಿಗೆ ಲಾಭ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲದಿರುವುದರಿಂದ, ಆಗ ಆಡುವ ಮಾತಿನಲ್ಲಿ ಸ್ವಾರ್ಥ ಬೆರೆತಿರುವುದಿಲ್ಲ.

ನಮ್ಮ ಕಡೆಯ ಮೇಜುಗಳಲ್ಲಿ ಹೆಚ್ಚು ಗೋಳು ಕೊಡುವುದು ತೋಟ. ತಿಪಟೂರು, ಗುಬ್ಬಿ ಕಡೆಯ ತೆಂಗಿನ ತೋಟವನ್ನೇ ಮಾದರಿಯಾಗಿಟ್ಟುಕೊಂಡು ಬಿದಿರು ಕಡ್ಡಿಗೆ ತೆಂಗಿನ ನಾರು ಸುತ್ತಿ, ಹಸಿರು ಕಾಗದದ ಗರಿ ಅಂಟಿಸಿ ಮರ ಮಾಡಿದರೆ ನೋಡಲು ಬಹಳ ಚೆಂದ. ಆದರೆ ತೆಂಗಿನ ಮರಕ್ಕೆ ಕೆಳಗೆ ಕೊಂಬೆಗಳಿಲ್ಲ. ಮಾಡೆಲ್‌ನ ಎತ್ತರದಲ್ಲಿ ಬರಿಯ ಬೊಡ್ಡೆಗಳು, ಅವುಗಳ ನಡುವೆ ಆರಾಮವಾಗಿ ಆಚೆಯ ದಂಡೆ ಕಾಣುತ್ತದೆ. ಮೇಲೆ ಬೆಟ್ಟದ ನೆತ್ತಿಯಲ್ಲಿ ನಿಂತವನಿಗೆ ಮಾತ್ರ ಗರಿಗಳ ಚಾವಣಿ ಎಲ್ಲವನ್ನೂ ಮುಚ್ಚುತ್ತದೆ. ನಿಯಮಪುಸ್ತಕಗಳು ಊಹಿಸಿಕೊಂಡಿರುವ ಕಾಡಿನಲ್ಲಿ ಹಾಗಿರುವುದಿಲ್ಲ. ಇಂಥ ತೋಟವನ್ನು ಮೂರರಲ್ಲಿ ಒಂದು ಬಗೆಯಾಗಿ ತೀರ್ಮಾನಿಸಬಹುದು. ವಾರ್‌ಹ್ಯಾಮರ್ 40,000ದ ಹತ್ತನೇ ಆವೃತ್ತಿಯ ಕಾಡಿನ ನಿಯಮದಂತೆ, ಬೊಡ್ಡೆಗಳ ಸಂದಿಯಲ್ಲಿ ನಿಜಕ್ಕೂ ಕಂಡರೆ ಕಂಡಂತೆ, ಆದರೆ ಪೂರ್ತಿಯಾಗಿ ಕಂಡಂತೆ ಎಂದೂ ಅಲ್ಲ ಎಂದು ಹೇಳಬಹುದು. ಅಥವಾ ತೋಟದ ಅಂಚನ್ನು ರಟ್ಟಿನ ಮೇಲೆ ಗೆರೆಯಿಂದ ಗುರುತಿಸಿ, ಒಳಗಿರುವವರಿಗೆ ಹೊರಗೂ, ಹೊರಗಿರುವವರಿಗೆ ಒಳಗೂ ಕಾಣುತ್ತದೆ, ಇಡೀ ತೋಟವನ್ನು ದಾಟಿ ಆಚೆಗೆ ಕಾಣುವುದಿಲ್ಲ ಎನ್ನಬಹುದು. ಮೂರನೆಯದು, ತೋಟ ಬರಿಯ ಅಲಂಕಾರ, ಕಾಣುವುದಕ್ಕೆ ಅಡ್ಡಿಯಿಲ್ಲ ಎನ್ನುವುದು. ಮರಗಳನ್ನು ಕಿತ್ತು ಪಕ್ಕಕ್ಕಿಟ್ಟರೂ ಉತ್ತರ ಬದಲಾಗುವುದಿಲ್ಲವಾದ್ದರಿಂದ ನನಗೆ ಎರಡನೆಯದೇ ಮೆಚ್ಚು. ಗಡಿಗೆರೆ ಇಲ್ಲದ ಬಿಡಿ ಮರಗಳನ್ನು ಮಾತ್ರ ಮೇಜಿನ ಮೇಲೆ ಇಡಬೇಡಿ.

ಕಟ್ಟಡಗಳಲ್ಲಿ ಕಿಟಕಿಯೇ ಜಗಳದ ಮೂಲ. ಹತ್ತನೇ ಆವೃತ್ತಿಯಲ್ಲಿ ಪಾಳುಕಟ್ಟಡದ ಆಚೆ ಇರುವ ಗುರಿ ಕಟ್ಟಡದ ಮೂಲಕವಾಗಲಿ ಮೇಲಿನಿಂದಾಗಲಿ ಸಾಮಾನ್ಯ ಮಾಡೆಲ್‌ಗಳಿಗೆ ಕಾಣುವುದಿಲ್ಲ, ಕಿಟಕಿ ಎಷ್ಟೇ ದೊಡ್ಡದಿರಲಿ. ಕಟ್ಟಡದೊಳಗೆ ನಿಂತವನನ್ನು ಹೊರಗಿನಿಂದ ನೋಡುವಾಗ ಮಾತ್ರ ಕಿಟಕಿ ನಿಜವಾದ ಕಿಟಕಿಯಾಗುತ್ತದೆ, ಸಂದುಗೊಂದುಗಳಲ್ಲಿ ಏನು ಕಂಡರೂ ಲೆಕ್ಕಕ್ಕೆ ಬರುತ್ತದೆ. ನೆಲಮಹಡಿಯ ಕಿಟಕಿ, ಬಾಗಿಲು, ಗುಂಡಿನ ತೂತುಗಳೆಲ್ಲ ಮುಚ್ಚಿವೆ ಎಂದು ಮೊದಲೇ ಒಪ್ಪಿಕೊಳ್ಳುವ ರೂಢಿ ಪಂದ್ಯಾವಳಿಗಳಲ್ಲಿ ಬೆಳೆದಿರುವುದು ಈ ಕಾರಣಕ್ಕೇ. ಮನೆಯಲ್ಲಿ ಆಡುವವರೂ ಅದನ್ನೇ ಅನುಸರಿಸಬಹುದು. ಬಾಯಿಮಾತಿನಲ್ಲಿ ಮುಚ್ಚುವುದಕ್ಕಿಂತ ಒಳಗಿನಿಂದ ಒಂದು ಕರಿ ಕಾಗದ ಅಂಟಿಸಿದರೆ ಇನ್ನೂ ಮೇಲು.

ಬೆಟ್ಟಗಳ ವಿಷಯದಲ್ಲಿ ಇಳಿಜಾರು ನೋಡಿಕೊಳ್ಳಿ. ಮಧುಗಿರಿಯ ಏಕಶಿಲಾ ಬೆಟ್ಟದಂತೆ ನುಣುಪಾಗಿ ಇಳಿಯುವ ಬಂಡೆಯನ್ನು ಥರ್ಮೋಕೋಲಿನಲ್ಲಿ ಉಜ್ಜಿ ತೆಗೆದರೆ, ಅದರ ಮೇಲೆ ಇಟ್ಟ ಮಾಡೆಲ್ ನಿಲ್ಲುವುದಿಲ್ಲ, ಜಾರುತ್ತದೆ. ಜಾರಿದ ಮಾಡೆಲ್ ನಿಜವಾಗಿ ಎಲ್ಲಿದೆ ಎಂಬುದೇ ಚರ್ಚೆಯಾದ ಮೇಲೆ ಅದಕ್ಕೆ ಏನು ಕಾಣುತ್ತದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ, ಪ್ರತಿ ಮೆಟ್ಟಿಲೂ ನಿಮ್ಮಲ್ಲಿರುವ ದೊಡ್ಡ ಬೇಸಿಗಿಂತ ತುಸು ಅಗಲವಾಗಿರುವಂತೆ ಕೊಯ್ಯಿರಿ. ಕೋಟೆಯ ಗೋಡೆಗಳನ್ನು ಆ ಮೆಟ್ಟಿಲುಗಳ ಅಂಚಿಗೆ ಅಂಟಿಸಿದರೆ ಬೆಟ್ಟದ ಚೆಲುವಿಗೂ ಕೊರತೆಯಾಗುವುದಿಲ್ಲ.

ಮೇಜು ಮಟ್ಟವಾಗಿದೆಯೇ, ಬೆಳಕು ಮೇಜಿನ ನಡುವೆಯೂ ಸಾಕಷ್ಟು ಬೀಳುತ್ತದೆಯೇ ಎಂಬುದನ್ನು ಇದೇ ಸುತ್ತಿನಲ್ಲಿ ನೋಡಿ ಮುಗಿಸಿ.

ಮೂರನೆಯ ಹಂತ: ಮಾಡೆಲ್‌ಗಳ ಗಾತ್ರವನ್ನು ಗೊತ್ತುಮಾಡಿ

ಎಲ್ಲರ ಬಳಿಯೂ ಕಂಪನಿಯ ಅಸಲಿ ಮಾಡೆಲ್ ಇರುವುದಿಲ್ಲ. ಒಬ್ಬರು ಪ್ರಿಂಟ್ ಹಾಕಿಸಿದ್ದು ನಾಲ್ಕು ಮಿ.ಮೀ. ಕುಳ್ಳಗಿರುತ್ತದೆ, ಇನ್ನೊಬ್ಬರು ತಮ್ಮ ಸೇನಾಪತಿಯನ್ನು ಬಂಡೆಯ ಮೇಲೆ ನಿಲ್ಲಿಸಿ ಎತ್ತರ ಮಾಡಿರುತ್ತಾರೆ, ಮತ್ತೊಬ್ಬರದು ರಟ್ಟಿನ ಬೊಂಬೆ. ಇದ್ದದ್ದನ್ನು ಇದ್ದಂತೆ ನೋಡುವ ಆಟದಲ್ಲಿ ಕುಳ್ಳ ಮಾಡೆಲ್ ಅಡಗುವುದು ಸುಲಭ, ಬಾವುಟ ಹಿಡಿದವನು ಅಡಗುವುದು ಕಷ್ಟ. ಲಾಭಕ್ಕೆಂದೇ ಹಾಗೆ ಮಾಡಿದ್ದಾರೆಂದು ನಾನು ಹೇಳುವುದಿಲ್ಲ. ಹೆಚ್ಚಿನವರು ಅಂದಕ್ಕಾಗಿ ಮಾಡಿರುತ್ತಾರೆ. ಆದರೆ ಪರಿಣಾಮ ಒಂದೇ. ಮನೆಯ ಆಟಗಳಲ್ಲಿ, ನಿಯಮಪುಸ್ತಕ ಬೇರೆ ಹೇಳಿದರೂ, ಇಬ್ಬರೂ ಒಪ್ಪಿ ಉರುಳೆ ಪದ್ಧತಿಗೆ ಬರುವುದು ಒಳ್ಳೆಯದೆಂದು ನನ್ನ ಸಲಹೆ.

ಅಳತೆಯ ಉರುಳೆಗಳನ್ನು ಮಾಡಿಕೊಳ್ಳುವುದು ಸುಲಭ. ಜಮೀನಿಗೆ ನೀರು ಹಾಯಿಸಲು ಬಳಸುವ ಪಿವಿಸಿ ಪೈಪುಗಳನ್ನು ನಮ್ಮಲ್ಲಿ ಹೊರವ್ಯಾಸದ ಲೆಕ್ಕದಲ್ಲಿ 20, 25, 32, 40, 50 ಮಿ.ಮೀ. ಎಂದು ಮಾರುತ್ತಾರೆ. ಯುದ್ಧದಾಟಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ದುಂಡು ಬೇಸುಗಳಲ್ಲಿ 25, 32, 40, 50 ಮಿ.ಮೀ.ನವೂ ಸೇರಿವೆ. ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ತುಂಡು ಪೈಪು ಕೇಳಿ ತಂದು, ಆಟದಲ್ಲಿ ಒಪ್ಪಿದ ಎತ್ತರಕ್ಕೆ ಗೆರೆ ಹಾಕಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿದರೆ ಉರುಳೆ ಸಿದ್ಧ. ಕೊಯ್ಯುವ ಮುನ್ನ ಪೈಪಿನ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ ಅದರ ಅಂಚಿಗೆ ಗೆರೆ ಹಾಕಿಕೊಳ್ಳಿ, ಇಲ್ಲವಾದರೆ ಕೊಯ್ತ ಓರೆಯಾಗುತ್ತದೆ. ಸಂದೇಹ ಬಂದಾಗ ಮಾಡೆಲ್ ನಿಂತಿದ್ದ ಜಾಗದಲ್ಲಿ ಗುರುತು ಮಾಡಿ, ಅದನ್ನು ಎತ್ತಿ, ಅದೇ ಜಾಗದಲ್ಲಿ ಪೈಪಿನ ತುಂಡನ್ನು ನಿಲ್ಲಿಸಿ ನೋಡಬೇಕು. ಅಂಡಾಕಾರದ ಬೇಸುಗಳಿಗೆ ರಟ್ಟನ್ನು ಬಾಗಿಸಿ ಅಂಟಿಸಿಕೊಳ್ಳಿ.

ನಾಲ್ಕನೆಯ ಹಂತ: ನಡೆಸುವಾಗಲೇ ಉದ್ದೇಶವನ್ನು ಹೇಳಿ

ಮಾಡೆಲ್ ನಡೆಸುವವರು ಅದನ್ನು ಇಡುತ್ತಿರುವಾಗಲೇ ಯಾರಿಂದ ಮರೆಯಾಗಲು ಇಡುತ್ತಿದ್ದಾರೆ, ಯಾರನ್ನು ನೋಡಲು ಇಡುತ್ತಿದ್ದಾರೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. “ಅಣ್ಣಾ, ಈ ಐದು ಜನಾನೂ ನಿಮ್ಮ ಟ್ಯಾಂಕಿಗೆ ಕಾಣ್ದೇ ಇರೋ ಹಂಗೆ ಗೋಡೆ ಹಿಂದೆ ಇಡ್ತಿದ್ದೀನಿ, ಒಂದ್ಸಲ ನೋಡ್ಕೊಳಿ” ಎಂದರೆ ಸಾಕು. ಅವರು ತಮ್ಮ ಟ್ಯಾಂಕಿನ ಕಡೆಯಿಂದ ನೋಡಿ, “ಕೊನೇಲಿರೋನ ಭುಜ ಕಾಣ್ತಿದೆ, ಒಂದು ಚೂರು ಒಳಕ್ಕೆ ತಗೊ” ಎಂದು ಹೇಳುತ್ತಾರೆ, ನಡಿಗೆಯ ಅಳತೆ ಮೀರದಿದ್ದರೆ ನೀವು ಸರಿಸುತ್ತೀರಿ, ಇಬ್ಬರೂ ಒಪ್ಪುತ್ತೀರಿ. ಆ ಮೇಲೆ ಮೇಜು ಅಲುಗಿತು, ಅಂಗಿಯ ತೋಳು ತಾಗಿತು ಎಂದು ಅರ್ಧ ಮಿ.ಮೀ. ಭುಜ ಹೊರಗೆ ಬಂದರೂ ಒಪ್ಪಿದ ಮಾತೇ ನಿಲ್ಲಬೇಕು.

ಎದುರಾಳಿಗೆ ತಪ್ಪನ್ನು ತಿದ್ದಿಕೊಳ್ಳಲು ಅವಕಾಶ ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಯಾವ ಗೋಡೆಯ ಹಿಂದೆ ಹೋಗಬೇಕೆಂಬ ನಿರ್ಧಾರದಲ್ಲಿ ತಪ್ಪಿದರೆ ಅದನ್ನು ಯಾರೂ ತಿದ್ದಬೇಕಾಗಿಲ್ಲ. ದಪ್ಪ ಬೆರಳುಗಳಿಂದ ಮೂರು ಸೆಂ.ಮೀ. ಎತ್ತರದ ಬೊಂಬೆಯನ್ನು ಇಡುವಾಗ ಆಗುವ ಕೂದಲೆಳೆಯ ವ್ಯತ್ಯಾಸದ ಮೇಲೆ ಆಟ ಗೆಲ್ಲುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಈ ಸೌಜನ್ಯಕ್ಕೆ ಒಂದು ಮಿತಿ ಇರಲಿ: ಹೇಳದೆ ಇಟ್ಟಿದ್ದನ್ನು ಗುಂಡು ಹಾರಿಸುವ ಹೊತ್ತಿನಲ್ಲಿ “ನಾನು ಮರೆಯಲ್ಲೇ ಇಟ್ಟಿದ್ದೆ” ಎಂದು ಹೇಳುವಂತಿಲ್ಲ. ಆಗ ಮೇಜಿನ ಮೇಲೆ ಇರುವುದೇ ಪ್ರಮಾಣ.

ಒಪ್ಪಿದ ಜಾಗವನ್ನು ಗುರುತಿಸಲು ಬೇಸಿನ ಪಕ್ಕದಲ್ಲಿ ಸಣ್ಣ ದಾಳವೊಂದನ್ನು ಇಡಬಹುದು, ಅಥವಾ ಹಾಸಿನ ಮೇಲೆ ಸೀಮೆಸುಣ್ಣದಿಂದ ಬೇಸಿನ ಸುತ್ತ ಗೀಚಬಹುದು. ಗೋಡೆಯ ಚೂಪಾದ ತುದಿಯಲ್ಲಿ ನಿಲ್ಲದ ಮಾಡೆಲ್‌ಗೂ ಇದೇ ಉಪಾಯ: ಇಲ್ಲಿ ನಿಂತಿದೆ ಎಂದು ಇಬ್ಬರೂ ಒಪ್ಪಿ, ದಾಳವನ್ನು ಅಲ್ಲಿಟ್ಟು, ಮಾಡೆಲ್ ಅನ್ನು ಕೆಳಗೆ ಭದ್ರವಾದ ಕಡೆ ಇಡಿ, ನೋಡಬೇಕಾದಾಗ ಮಾತ್ರ ಕೈಯಲ್ಲಿ ಹಿಡಿದು ಮೇಲೆ ನಿಲ್ಲಿಸಿ.

ಐದನೆಯ ಹಂತ: ನೋಡುವುದು

ಬರಿಗಣ್ಣಿನಿಂದ ಆರಂಭಿಸಿ. ಕೇರಂ ಆಡುವವರು ಪಾನಿಗೆ ಗುರಿಯಿಡಲು ತಲೆ ತಗ್ಗಿಸುವಂತೆ ತಗ್ಗಿಸಿ, ಒಂದು ಕಣ್ಣು ಮುಚ್ಚಿ. ಎರಡೂ ಕಣ್ಣು ತೆರೆದು ನೋಡಿದರೆ, ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ. ಗೋಡೆಯ ಮೂಲೆಯಲ್ಲಿ ಇದು ದೊಡ್ಡ ವ್ಯತ್ಯಾಸವನ್ನೇ ಮಾಡುತ್ತದೆ.

ಮಾಡೆಲ್‌ನ ಹಿಂದೆ ನಿಂತು ಅದರ ಹೆಗಲ ಮೇಲಿನಿಂದ ನೋಡುವುದು ಎಲ್ಲರೂ ಮಾಡುವ ಕೆಲಸ, ಬಹಳ ಸಲ ತಪ್ಪು ಉತ್ತರ ಕೊಡುವ ಕೆಲಸವೂ ಹೌದು. ನಿಮ್ಮ ಕಣ್ಣು ಮಾಡೆಲ್‌ಗಿಂತ ಮೇಲಿದೆ. ಮಾಡೆಲ್‌ಗೆ ಅಡ್ಡವಾದ ಗೋಡೆ ನಿಮಗೆ ಅಡ್ಡವಾಗುವುದಿಲ್ಲ. ಸರಿಯಾಗಿ ನೋಡಬೇಕಾದರೆ ನಿಮ್ಮ ಕಣ್ಣು, ಮಾಡೆಲ್‌ನ ತಲೆ, ಗುರಿ ಈ ಮೂರೂ ಒಂದೇ ಗೆರೆಯಲ್ಲಿ ಇರಬೇಕು. ಮೇಲಿನಿಂದ ಕೆಳಕ್ಕೆ ಹೋಗುವ ಗೆರೆಗೆ ಇದು ಸಾಧ್ಯ. ಕೆಳಗಿನಿಂದ ಮೇಲಕ್ಕೆ ಹೋಗುವ ಗೆರೆಯಾದರೆ, ಹಿಂದೆ ನಿಂತ ನಿಮ್ಮ ಕಣ್ಣು ಮೇಜಿನ ಹಲಗೆಗಿಂತ ಕೆಳಗೆ ಹೋಗಬೇಕಾಗುತ್ತದೆ. ಆದ್ದರಿಂದ ಯಾರು ಗುಂಡು ಹಾರಿಸುತ್ತಿದ್ದಾರೆ ಎಂಬುದನ್ನು ಮರೆತು, ಯಾವಾಗಲೂ ಎತ್ತರದಲ್ಲಿರುವ ಮಾಡೆಲ್‌ನ ಕಡೆಯಿಂದ ಕೆಳಗಿನದನ್ನು ನೋಡಿ. ಗೆರೆ ಎರಡೂ ತುದಿಯಿಂದ ಒಂದೇ. ತಲೆಯಿಂದಲೇ ಎಳೆಯಬೇಕೆನ್ನುವ ಆಟದಲ್ಲಿ ಮಾತ್ರ ಯಾವ ತುದಿ ತಲೆ, ಯಾವ ತುದಿ ದೇಹ ಎಂಬುದನ್ನು ನೆನಪಿಡಬೇಕು.

ಕಣ್ಣಿಗೆ ತೃಪ್ತಿಯಾಗದಿದ್ದರೆ ದಾರ. ಗಾರೆ ಮೇಸ್ತ್ರಿಗಳು ಇಟ್ಟಿಗೆ ವರಸೆಗೆ ಕಟ್ಟುವ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು, ಹೊಲಿಗೆ ದಾರವೂ ಆದೀತು. ಗುಂಡು ಹಾರಿಸುವವರು ತಮ್ಮ ಮಾಡೆಲ್‌ನ ಯಾವ ಭಾಗದಿಂದ ಗುರಿಯ ಯಾವ ಭಾಗಕ್ಕೆ ಎಂದು ಮೊದಲು ಹೇಳಬೇಕು. ಆ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಮಾಡೆಲ್‌ನ ಬಳಿ ದಾರದ ತುದಿ ಹಿಡಿದು ಬಿಗಿಯಾಗಿ ಎಳೆಯಬೇಕು. ದಾರ ನಡುವೆ ಎಲ್ಲಿಯೂ ಟೆರೇನಿಗೆ ತಾಗಿ ಬಾಗದಿದ್ದರೆ ಕಾಣುತ್ತದೆ. ಒಬ್ಬರೇ ಎರಡೂ ತುದಿ ಹಿಡಿಯುವುದು ಬೇಡ. ಎರಡು ಕೈ ಎರಡು ಕಡೆ ಚಾಚಿದವರು ಮಾಡೆಲ್ ಬೀಳಿಸುವುದೇ ಹೆಚ್ಚು.

ಟೈಲ್ಸ್ ಕೆಲಸದವರು ಬಳಸುವ ಗೆರೆ ಲೇಸರ್ ಇನ್ನೊಂದು ಸಾಧನ. ಇದು ನೇರವಾಗಿ ನಿಂತ ಬೆಳಕಿನ ಪರದೆಯೊಂದನ್ನು ಎಳೆಯುತ್ತದೆ. ಗುರಿಯ ಬೇಸಿನ ಎಷ್ಟು ಅಗಲ ಗೋಡೆಯ ಮೂಲೆಯಿಂದ ಹೊರಗಿದೆ ಎಂಬುದನ್ನು ಇದರಷ್ಟು ಚೆನ್ನಾಗಿ ಯಾವುದೂ ತೋರಿಸುವುದಿಲ್ಲ. ಎತ್ತರದ ಪ್ರಶ್ನೆಗೆ ಮಾತ್ರ ಅದರಿಂದ ಉತ್ತರ ಸಿಗುವುದಿಲ್ಲ, ಅದಕ್ಕೆ ದಾರವೇ ಬೇಕು. 1 ಮಿಲಿವ್ಯಾಟ್ ಮೀರದ, ಎರಡನೇ ದರ್ಜೆಯ ಲೇಸರನ್ನೇ ಕೊಳ್ಳಿ. ಲೇಸರ್ ಹಚ್ಚಿದಾಗ ಯಾರೂ ಮೇಜಿನ ಮಟ್ಟಕ್ಕೆ ಮುಖ ತಗ್ಗಿಸಿರಬಾರದು. ಈ ಆಟದಲ್ಲಿ ಎಲ್ಲರೂ ಸದಾ ತಗ್ಗಿಸಿಯೇ ಇರುವುದರಿಂದ ಹೇಳಿಕೊಂಡೇ ಹಚ್ಚಬೇಕು.

ಫೋನಿನ ಕ್ಯಾಮೆರಾ ನನಗೆ ಇಷ್ಟವಾದ ಉಪಾಯ, ಇಬ್ಬರೂ ಒಂದೇ ಚಿತ್ರವನ್ನು ನೋಡಬಹುದೆಂಬ ಕಾರಣಕ್ಕೆ. ಫೋನನ್ನು ತಲೆಕೆಳಗಾಗಿ ಹಿಡಿದರೆ ಕ್ಯಾಮೆರಾ ಮೇಜಿನ ಹತ್ತಿರಕ್ಕೆ ಬರುತ್ತದೆ, ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. 28 ಮಿ.ಮೀ. ಸ್ಕೇಲಿನ ಬೊಂಬೆಯ ಕಣ್ಣು, ಬೇಸಿನ ದಪ್ಪವೂ ಸೇರಿ, ನೆಲದಿಂದ ಸುಮಾರು 3 ಸೆಂ.ಮೀ. ಎತ್ತರದಲ್ಲಿರುತ್ತದೆ, ಲೆನ್ಸಿನ ನಡುವನ್ನು ಅಷ್ಟೇ ಎತ್ತರಕ್ಕೆ ತನ್ನಿ. ಲೆನ್ಸ್ ಮಾಡೆಲ್‌ನ ತಲೆ ಇದ್ದ ಜಾಗದಲ್ಲೇ ಬರಬೇಕಾದ್ದರಿಂದ ಮಾಡೆಲ್ ಅನ್ನು ಗುರುತು ಹಾಕಿ ಎತ್ತಿಕೊಳ್ಳಿ. ಅತಿ ಅಗಲ ತೋರಿಸುವ ಲೆನ್ಸಿನಲ್ಲಿ ಅಂಚಿನ ಗೆರೆಗಳು ಬಾಗುವುದರಿಂದ ಮುಖ್ಯ ಲೆನ್ಸನ್ನೇ ಬಳಸಿ, ಗುರಿಯನ್ನು ಪರದೆಯ ನಡುವೆ ಇಟ್ಟುಕೊಳ್ಳಿ.

ಗೋಡೆಯ ಹಿಂದೆ ಎಷ್ಟು ದೂರದವರೆಗೆ ಮರೆ

ಎತ್ತರದಿಂದ ನೋಡುವಾಗ ಕಣ್ಣು, ದಾರ ಎರಡಕ್ಕೂ ಬದಲಾಗಿ ಒಂದು ಸಣ್ಣ ಲೆಕ್ಕ ಸಾಕಾಗುತ್ತದೆ. ಬೆಟ್ಟದ ಮೇಲೆ ನಿಂತ ಬಂದೂಕುಧಾರಿಯ ಕಣ್ಣು ಮೇಜಿನಿಂದ 20 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ಅವನಿಂದ 30 ಸೆಂ.ಮೀ. ಮುಂದೆ 6 ಸೆಂ.ಮೀ. ಎತ್ತರದ ಗೋಡೆ. ಅವನ ನೋಟ ಗೋಡೆಯ ನೆತ್ತಿಯನ್ನು ಸವರಿ ಹೋಗುವಷ್ಟರಲ್ಲಿ 30 ಸೆಂ.ಮೀ.ಗೆ 14 ಸೆಂ.ಮೀ. ಇಳಿದಿರುತ್ತದೆ. ಗೋಡೆಯ ಆಚೆಗೂ ಅದೇ ಓಟದಲ್ಲಿ ಇಳಿದರೆ ಉಳಿದ 6 ಸೆಂ.ಮೀ. ಇಳಿದು ಮೇಜನ್ನು ಮುಟ್ಟಲು 13 ಸೆಂ.ಮೀ.ಗೆ ತುಸು ಕಡಿಮೆ ದೂರ ಬೇಕು. ಅಂದರೆ ಗೋಡೆಯಿಂದ 13 ಸೆಂ.ಮೀ. ಆಚೆಗೆ ನಿಂತವನು ಅಡಿಯಿಂದ ಮುಡಿಯವರೆಗೆ ಕಾಣುತ್ತಾನೆ. ಗುರಿಯ ಎತ್ತರ 3.5 ಸೆಂ.ಮೀ. ಇದ್ದರೆ, ನೋಟ ಆ ಎತ್ತರಕ್ಕೆ ಇಳಿಯುವುದು ಗೋಡೆಯಿಂದ 5.4 ಸೆಂ.ಮೀ. ದೂರದಲ್ಲಿ, ಅಷ್ಟರೊಳಗೆ ಇರುವವನು ಪೂರ್ತಿ ಮರೆ. ನಡುವಿನ ಪಟ್ಟಿಯಲ್ಲಿ ಇರುವವನು ತಲೆಯೋ ಎದೆಯೋ ಕಾಣುವಷ್ಟು ಮಾತ್ರ ಹೊರಗಿದ್ದಾನೆ.

ಸೂತ್ರವಾಗಿ ಹೇಳುವುದಾದರೆ, ಗೋಡೆಯ ಎತ್ತರದಿಂದ ಗುರಿಯ ಎತ್ತರವನ್ನು ಕಳೆದು, ಬಂದೂಕುಧಾರಿಯಿಂದ ಗೋಡೆಗಿರುವ ದೂರದಿಂದ ಗುಣಿಸಿ, ಬಂದೂಕುಧಾರಿಯ ಕಣ್ಣು ಗೋಡೆಗಿಂತ ಎಷ್ಟು ಮೇಲಿದೆಯೋ ಅದರಿಂದ ಭಾಗಿಸಬೇಕು. ದೂರವನ್ನು ಮೇಜಿನ ಮೇಲೆ ಅಡ್ಡಡ್ಡಲಾಗಿ ಅಳೆಯಬೇಕು, ಓರೆಯಾಗಿ ಅಲ್ಲ. ಬೇಸಿಗೆ ಅಗಲ ಇರುವುದರಿಂದ ಗುರಿಯ ಹಿಂದಿನ ಅಂಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಮೊದಲು ಹೊರಬೀಳುವುದು ಅದೇ. ಗುರಿ ಗೋಡೆಗಿಂತ ಎತ್ತರವಾಗಿದ್ದರೆ ಲೆಕ್ಕವೇ ಬೇಡ, ಹೇಗೂ ಕಾಣುತ್ತದೆ. ಪ್ರತಿ ಗುಂಡಿಗೂ ಇದನ್ನು ಮಾಡಬೇಕೆಂದಲ್ಲ. ನಿಮ್ಮ ಮೇಜಿನ ಮುಖ್ಯ ಬೆಟ್ಟಕ್ಕೂ ಅದರ ಮುಂದಿನ ಗೋಡೆಗೂ ಆಟದ ಆರಂಭದಲ್ಲಿ ಒಂದು ಬಾರಿ ಲೆಕ್ಕ ಹಾಕಿ, ಮರೆಯ ಗಡಿಯನ್ನು ಸೀಮೆಸುಣ್ಣದಿಂದ ಎಳೆದುಬಿಟ್ಟರೆ ಉಳಿದ ಆಟ ಸರಾಗ.

ಆರನೆಯ ಹಂತ: ಎಷ್ಟು ಕಂಡಿತೆಂದು ಹೇಳುವುದು

ಕಂಡಿತು ಎಂಬುದು ಒಂದು ಉತ್ತರ, ಪೂರ್ತಿ ಕಂಡಿತು ಎಂಬುದು ಇನ್ನೊಂದು. ಹೆಚ್ಚಿನ ಆಟಗಳಲ್ಲಿ ಭಾಗಶಃ ಕಂಡವನಿಗೆ ಕವರ್ ಸಿಗುತ್ತದೆ, ಅವನನ್ನು ಹೊಡೆಯುವುದು ಕಷ್ಟವಾಗುತ್ತದೆ. ವಾರ್‌ಹ್ಯಾಮರ್ 40,000ದಲ್ಲಿ ಪೂರ್ತಿ ಕಂಡಿದೆ ಎನ್ನಲು ಗುರಿಯ ನಿಮ್ಮ ಕಡೆಗಿರುವ ಎಲ್ಲ ಭಾಗಗಳೂ ಕಾಣಬೇಕು. ಆದ್ದರಿಂದ ಹೆಚ್ಚು ಸಲ ಉತ್ತರ “ಕಾಣುತ್ತದೆ, ಪೂರ್ತಿ ಅಲ್ಲ” ಎಂದೇ ಇರುತ್ತದೆ, ಮತ್ತು ಸಂದೇಹದ ಪ್ರಸಂಗಗಳಲ್ಲಿ ಇಬ್ಬರೂ ಒಪ್ಪಬಹುದಾದ ಜಾಗವೂ ಅದೇ: ಗುಂಡು ಹಾರಿಸುವವರಿಗೆ ಗುಂಡು, ಅಡಗಿದವರಿಗೆ ಕವರ್.

ಯೂನಿಟ್‌ಗೆ ಯೂನಿಟ್ ಹೊಡೆಯುವಾಗ ಇಡೀ ಗುಂಪನ್ನು ಒಂದೇ ಮಾತಿನಲ್ಲಿ ಮುಗಿಸಬೇಡಿ. ಹತ್ತು ಜನರಲ್ಲಿ ಆರು ಜನಕ್ಕೆ ಕಂಡರೆ ಆರೇ ಜನ ಹಾರಿಸಬೇಕು. ಒಬ್ಬೊಬ್ಬರನ್ನೂ ಬೆರಳಿಟ್ಟು ಎಣಿಸುತ್ತ ಹೋಗಿ, ಕಂಡವರ ಪಾಲಿನ ದಾಳಗಳನ್ನು ಅಲ್ಲೇ ಪಕ್ಕದಲ್ಲಿ ಇಡುತ್ತ ಬಂದರೆ ಮರೆವಿಗೆ ಅವಕಾಶವಿಲ್ಲ. ವಾರ್‌ಹ್ಯಾಮರಿನಲ್ಲಿ ತಮ್ಮದೇ ಯೂನಿಟ್ಟಿನವರು ಅಡ್ಡ ಬರುವುದಿಲ್ಲ, ಅವರ ಮೂಲಕ ನೋಡಬಹುದು. ಗುಂಡು ತಗುಲಿದ ಮೇಲೆ ಸಾಯುವವನು ಕಂಡವನೇ ಆಗಿರಬೇಕೆಂದೂ ಹತ್ತನೇ ಆವೃತ್ತಿಯಲ್ಲಿ ಇಲ್ಲ. ಹೊಸದಾಗಿ ಬಂದವರಿಗೆ ಇದನ್ನು ಮೊದಲೇ ಹೇಳಿಬಿಡಿ, ಗೋಡೆಯ ಹಿಂದಿದ್ದವನು ಸತ್ತದ್ದಕ್ಕೆ ಬೇಸರಪಡುವವರು ಬಹಳ.

ಏಳನೆಯ ಹಂತ: ಒಮ್ಮತ ಬಾರದಿದ್ದರೆ

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರು ಕಾಣುತ್ತದೆ ಎಂದು, ಇನ್ನೊಬ್ಬರು ಇಲ್ಲ ಎಂದು ಹೇಳುವ ಪ್ರಸಂಗ ಬರುತ್ತದೆ. ಆಗ ಇಬ್ಬರೂ ಜಾಗ ಬದಲಿಸಿ, ಎದುರಾಳಿ ನೋಡಿದ ತುದಿಯಿಂದ ತಾವು ನೋಡಬೇಕು. ನಾಲ್ಕರಲ್ಲಿ ಮೂರು ಪಾಲು ಜಗಳ ಇಲ್ಲಿಗೇ ತಣ್ಣಗಾಗುತ್ತದೆ ಎಂದು ಹೇಳುವ ಆಸೆಯಾಗುತ್ತದೆ, ಆದರೆ ಅದು ಎದುರಿಗಿರುವವರ ಸ್ವಭಾವವನ್ನು ಅವಲಂಬಿಸಿದೆ. ತಣ್ಣಗಾಗದಿದ್ದರೆ ಕೋಣೆಯಲ್ಲಿರುವ ಮೂರನೆಯವರನ್ನು ಕರೆಯಿರಿ. ಆದರೆ ಯಾರು ಹೊಡೆಯುತ್ತಿದ್ದಾರೆ, ಯಾರು ಗೆಲ್ಲುತ್ತಿದ್ದಾರೆ ಎಂದು ಹೇಳದೆ, “ಈ ಬೆರಳಿಟ್ಟ ಜಾಗದಿಂದ ಆ ಕೆಂಪು ಬೇಸು ಕಾಣುತ್ತದೆಯೇ” ಎಂದಷ್ಟೇ ಕೇಳಿ. ಮೂರನೆಯವರು ಆಟ ಬಲ್ಲವರಾಗಿರಬೇಕಿಲ್ಲ. ಕಾಫಿ ತಂದ ತಮ್ಮನೋ ತಂಗಿಯೋ ಹೇಳಿದರೂ ಆಗುತ್ತದೆ, ಬಹುಶಃ ಅವರೇ ಹೆಚ್ಚು ನಿಷ್ಪಕ್ಷಪಾತಿಗಳು.

ಯಾರೂ ಇಲ್ಲದಿದ್ದರೆ ದಾಳ: 4, 5, 6 ಬಿದ್ದರೆ ಕಾಣುತ್ತದೆ, 1, 2, 3 ಬಿದ್ದರೆ ಇಲ್ಲ. ದಾಳದಿಂದ ಬಂದ ಉತ್ತರ ಆ ಒಂದು ಗುಂಡಿಗೆ ಮಾತ್ರ ಅನ್ವಯಿಸುತ್ತದೆ, ಮುಂದಿನ ಸುತ್ತಿನಲ್ಲಿ ಅದನ್ನು ಆಧಾರವಾಗಿ ತೋರಿಸುವಂತಿಲ್ಲ. ಒಂದು ತೀರ್ಮಾನ ತಪ್ಪಾಗಿತ್ತೆಂದು ತಡವಾಗಿ ಗೊತ್ತಾದರೆ, ಅದಾದ ಮೇಲೆ ಇನ್ನೊಂದು ದಾಳ ಬಿದ್ದಿಲ್ಲದಿದ್ದರೆ ಹಿಂದಕ್ಕೆ ಹೋಗಿ ಸರಿಪಡಿಸಿ. ಬಿದ್ದಿದ್ದರೆ ಹಾಗೆಯೇ ಬಿಟ್ಟು ಮುಂದುವರಿಯಿರಿ, ಸತ್ತ ಮಾಡೆಲ್‌ಗಳನ್ನು ಮತ್ತೆ ಮೇಜಿಗೆ ತರಲು ಹೊರಟರೆ ಅವು ಎಲ್ಲಿದ್ದವು ಎಂಬ ಹೊಸ ಜಗಳ ಆರಂಭವಾಗುತ್ತದೆ. ತಕರಾರಾದ ಜಾಗದ ಒಂದು ಫೋಟೋ ತೆಗೆದಿಟ್ಟುಕೊಂಡು, ಆಟ ಮುಗಿದು ಮಾಡೆಲ್‌ಗಳನ್ನು ಡಬ್ಬಿಗೆ ತುಂಬುವಾಗ ಇಬ್ಬರೂ ನಿಯಮವನ್ನು ಮತ್ತೊಮ್ಮೆ ಓದಿ, ಮುಂದಿನ ಬಾರಿಗೆ ಹೇಗೆಂದು ಒಂದು ವಾಕ್ಯದಲ್ಲಿ ಬರೆದು, ಟೆರೇನ್ ಇಡುವ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ. ಮುಂದಿನ ಆಟಕ್ಕೆ ಟೆರೇನ್ ತೆಗೆಯುವವರು ಯಾರೇ ಆಗಿರಲಿ, ಮೊದಲು ಆ ಚೀಟಿಯನ್ನು ಓದಿಯೇ ಮೇಜು ಸಜ್ಜು ಮಾಡುತ್ತಾರೆ.